ಹಿಮದಲ್ಲಿ ಸತ್ತವರಿಗೆ ಎಡೆ

ಉತ್ತರ ಧ್ರುವದ ವಿಚಾರದಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಇಡೀ ಹಾಸನ ಜಿಲ್ಲೆಯಲ್ಲೇ ಇರಲಿಲ್ಲ. ಅವರು ಅರಸೀಕೆರೆ ದಾಟಿದವರಲ್ಲ ಎಂಬುದು ಬೇರೆ ಮಾತು! ಅವರು ಕಂಡಿದ್ದ ಮಂಜುಗಡ್ಡೆಯೆಂದರೆ ಹಾಸನದ ಷರಬತ್ತಿನ ಅಂಗಡಿಯಲ್ಲಿ ಮರದ ಹೊಟ್ಟಿನೊಳಗೆ ಹುಗಿದಿಟ್ಟಿದ್ದ ಒಂದು ತುಂಡು. ಅಷ್ಟು ಸಾಲದೇ?

ಯುದ್ಧದ ಕಾಲ. ಮಾವ ಶಾಂತಿಗ್ರಾಮದಲ್ಲಿ ಮೇಷ್ಟ್ರು. ಅದೆಲ್ಲಿಂದಲೋ ಒಂದು ಇಂಗ್ಲಿಷ್ ಪುಸ್ತಕ ಅವರ ಕೈಗೆ ಸಿಕ್ಕಿತ್ತು. ಧ್ರುವಕ್ಕೆ ಹೊರಟ ಹಡಗು ಮಂಜಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಳ್ಳಗಿನದೇನೋ ಒಂದು ಸುತ್ತ ತಿರುಗುತ್ತ, ಹನ್ನೆರಡು ಜನರಲ್ಲಿ ಒಬ್ಬೊಬ್ಬರನ್ನೇ ಎಳೆದೊಯ್ಯುತ್ತದೆ. ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಕೂತು ಮಾವ ಇದನ್ನು ಕನ್ನಡದಲ್ಲಿ ಹೇಳುವರು. ಅದೂ ಬಿರುಬೇಸಗೆಯಲ್ಲಿ ಕರಿ ಕಂಬಳಿ ಹೊದ್ದು! ಮೈಯೆಲ್ಲ ಬೆವರು, ಬಾಯಲ್ಲಿ ಹಲ್ಲು ಕಟಕಟ.

“ಅಲ್ಲಿ ಆರು ತಿಂಗ್ಳು ಬರೀ ಕತ್ಲೆ ಕಣ್ಲಾ!”

“ಅಂಗಾರೆ ಎಮ್ಮೆ ಯಾವಾಗ ಕರೀತಾರೆ ಸಾ?” ಪಕ್ಕದ ಮನೆಯ ಬೋರಣ್ಣ ಕೇಳಿದ.

“ಅಲ್ಲಿ ಎಮ್ಮೆ ಇಲ್ಲ.”

“ಎಮ್ಮೆ ಇಲ್ದಿರೋ ಊರ್ಗೆ ಯಾಕ್ ಸಾ ಸಾಯಕ್ಕೋದ್ರು?”

ಈ ಪ್ರಶ್ನೆಗೆ ಭೂಗೋಳ ಪಂಡಿತರು ಇನ್ನೂ ಉತ್ತರ ಕೊಟ್ಟಂತಿಲ್ಲ.

ಕೇಳುವವರಲ್ಲಿ ಸಿದ್ದಮ್ಮನೂ ಒಬ್ಬಳು. ಅವಳ ಒಬ್ಬನೇ ಮಗ ಮಿಲ್ಟ್ರಿ ಸೇರಿ ಹಡಗು ಹತ್ತಿದ್ದ. ವರ್ಷವಾದರೂ ಅವನಿಂದ ಕಾಗದವಿಲ್ಲ. ಕಥೆಯ ಹಡಗಿನಲ್ಲಿ ಒಬ್ಬ ಅಡಿಗೆಯವನಿದ್ದ. ಸಿದ್ದಮ್ಮನಿಗೆ ಅವನದೇ ಚಿಂತೆ. “ಅಡಿಗೆಯವ್ನು ಇನ್ನೂ ಅವ್ನಾ ಸಾ?” ಎಂದು ಕೇಳಿಕೊಂಡೇ ಬಂದು ಕೂರುವಳು.

ಯುಗಾದಿಗೆ ಶುರುವಾದ ಕಥೆ ಪಿತೃಪಕ್ಷದ ಹೊತ್ತಿಗೆ ಮುಗಿಯಿತು. ಒಬ್ಬರೂ ಉಳಿಯಲಿಲ್ಲ, ಅಡಿಗೆಯವನೂ ಕೂಡ. ಸಿದ್ದಮ್ಮ ಎದ್ದುಹೋದಳು. ಉಳಿದವರಿಗೆ ಬೇರೆ ದಿಗಿಲು: ಇಷ್ಟು ಜನಕ್ಕೆ ಎಡೆ ಇಡುವವರು ಯಾರು?

“ಎಡೆ ಇಡ್ದಿದ್ರೆ ಇಲ್ಲಿಗೇ ಬತ್ತವೆ ಸಾ. ಕರ್ಕಂಬಂದೋರು ನೀವೇ!” ಎಂದ ಬೋರಣ್ಣ.

ಅದು ಕಟ್ಟುಕಥೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮಾವ ಹಾಗೆನ್ನುವರೇ? ತಾವೇ ಯಜಮಾನಿಕೆ ವಹಿಸಿಕೊಂಡರು. “ಎಡೆ ಮುಂದೆ ಪಂಚೆ ಇಡ್ಬ್ಯಾಡ್ರೋ, ನಡುಗ್ತಾರೆ! ಕಂಬ್ಳಿ ಇಡಿ!” ಅಮಾವಾಸ್ಯೆಯ ದಿನ ಜಗಲಿಯ ಮೇಲೆ ಹನ್ನೆರಡು ಬಾಳೆಲೆ, ಹನ್ನೆರಡು ಕಂಬಳಿ, ಕಡುಬು, ಕೋಳಿಸಾರು. ಕಪ್ತಾನನ ಎಲೆಗೆ ಎರಡು ತುಂಡು ಹೆಚ್ಚು!

ಆಗ ಸಿದ್ದಮ್ಮ ಬಂದಳು. ಕೈಯಲ್ಲಿ ಒಂದು ಎಲೆ. ಈ ವರ್ಷ ಮಗನಿಗೂ ಎಡೆ ಇಟ್ಟುಬಿಡು ಎಂದು ನೆಂಟರು ಅವಳ ಬೆನ್ನು ಬಿದ್ದಿದ್ದರು. ಇಟ್ಟರೆ, ಅವನು ಸತ್ತನೆಂದು ಒಪ್ಪಿಕೊಂಡಂತೆ.

“ಅಡಿಗೆಯವ್ನಿಗೂ ಇಟ್ರಾ ಸಾ?” ಎಂದು ಎಲೆಗಳನ್ನು ನೋಡಿದಳು. “ಅಂಗಾರೆ ನಾನೂ ಇಟ್ಬುಡ್ತೀನಿ.”

ಮಾವ ಬಗ್ಗಿ, ಕೊನೆಯಲ್ಲಿದ್ದ ಅಡಿಗೆಯವನ ಎಲೆಯನ್ನು ಬಡಿಸಿದ್ದ ಹಾಗೇ ಎತ್ತಿ ಪಕ್ಕಕ್ಕಿಟ್ಟರು.

“ತಪ್ಪಾಯ್ತು ಕಣವ್ವ. ಬೆಳಗ್ಗೆ ಇನ್ನೊಂದ್ಸಲ ಓದ್ದೆ. ಅವ್ನು ಸತ್ತಿಲ್ಲ, ನಡ್ಕಂಡ್ ಬತ್ತಾವ್ನೆ. ದೂರ ಅಲ್ವಾ, ತಡ ಆಯ್ತದೆ. ನನ್ ಇಂಗ್ಲೀಷು ಅಷ್ಟಕ್ಕಷ್ಟೆ.”

ಊರೆಲ್ಲ ಕೇಳುವಂತೆ ಹಾಗೆಂದವರು ನಮ್ಮ ಮಾವ! ಆ ಪುಸ್ತಕವನ್ನು ನಾನೂ ಓದಿದ್ದೆ. ಅವರು ಒಂದಕ್ಷರವೂ ತಪ್ಪು ಓದಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು.

“ಈ ಕಂಬ್ಳಿ ತಕಂಡೋಗಿ ಮಡಗಿರವ್ವ,” ಎಂದರು ಮಾವ, “ನಿನ್ ಮಗ ಬಂದಾಗ ಒದ್ಕತಾನೆ.”

ಸಿದ್ದಮ್ಮ ಎಲೆಯನ್ನು ಮಡಿಚಿ ಕಂಕುಳಿಗೆ ಸಿಕ್ಕಿಸಿ, ಕಂಬಳಿಯನ್ನು ಎದೆಗವಚಿಕೊಂಡು ಮನೆಗೆ ಹೋದಳು.