ಬೆನ್ನು ತಿರುಗಿಸಿ ಊರು ನೋಡಿದ್ದು

"ಈ ಬೇಸಿಗೆ ಮುಗಿಯೋದ್ರೊಳಗೆ ಆ ಪೆಡಲ್ ಬಾರ್‌ಗಳನ್ನ ಊರಿಂದ ಎತ್ತಂಗಡಿ ಮಾಡಿಸದಿದ್ರೆ ನನ್ನ ಹೆಸರು ಹಾರ್ಲನ್ ಡೊಂಬೆಕ್ಕೇ ಅಲ್ಲ!"

ಹೀಗೆ ಗುಡುಗಿ ಹಾರ್ಲನ್ ಡೊಂಬೆಕ್ ಅಡುಗೆಮನೆಯ ಮೇಜನ್ನು ಗುದ್ದಿದ ರಭಸಕ್ಕೆ ಸಾಸಿವೆ ಸಾಸಿನ ಬಾಟಲಿ ಉರುಳಿ ಅವನ ಭಾಷಣದ ಹಾಳೆಗಳ ಮೇಲೆಲ್ಲ ಹರಿಯಿತು. ಈ ಐತಿಹಾಸಿಕ ಘೋಷಣೆಗೆ ಸಾಕ್ಷಿಯಾಗಿದ್ದವರು ಇಬ್ಬರು. ಒಬ್ಬಳು ಹೆಂಡತಿ ಡೋರೀನ್, ಇನ್ನೊಂದು ನಾಯಿ. ನಾಯಿ ಎದ್ದು ಆಚೆ ಹೋಯಿತು. ಡೋರೀನ್‌ಗೆ ಆ ಸೌಲಭ್ಯವಿರಲಿಲ್ಲ.

ಮಿಶಿಗನ್ ಸರೋವರದ ದಂಡೆಯ ಸ್ಟೈನ್‌ಪೋರ್ಟ್ ನಗರಸಭೆಯಲ್ಲಿ ಹಾರ್ಲನ್ ನದೀದಂಡೆ ವಾರ್ಡಿನ ಸದಸ್ಯ. ಸೋಮವಾರದ ಸಭೆಯಲ್ಲಿ ಅವನ ನಿಷೇಧ ಮಸೂದೆ ಮತಕ್ಕೆ ಬರುವುದಿತ್ತು. ಆಳೆತ್ತರದ ಕನ್ನಡಿಯನ್ನೇ ಸಭಾಧ್ಯಕ್ಷರೆಂದು ಭಾವಿಸಿ ಅವನು ದಿನವೂ ತಾಲೀಮು ನಡೆಸುತ್ತಿದ್ದ.

"ಮಾನ್ಯ ಅಧ್ಯಕ್ಷರೇ! ಮನುಷ್ಯ ಚಕ್ರವನ್ನು ಕಂಡುಹಿಡಿದ. ಮನುಷ್ಯ ಬಿಯರನ್ನೂ ಕಂಡುಹಿಡಿದ. ಎರಡನ್ನೂ ದೂರ ದೂರ ಇಟ್ಟಿರುವಷ್ಟು ಕಾಲ ನಾಗರಿಕತೆ ನೆಟ್ಟಗಿತ್ತು! ಇಂದೇನಾಗಿದೆ? ಒಂದು ಗಾಡಿಯ ನಡುವೆ ಬಾರಿನ ಕಟ್ಟೆ, ಮೇಲೊಂದು ಮಾಡು. ಕಟ್ಟೆಯ ಎರಡೂ ಬದಿಗೆ ಎತ್ತರದ ಸೀಟುಗಳ ಮೇಲೆ ಎದುರುಬದುರು ಕೂತು, ಕೆಳಗೆ ಪೆಡಲ್ ತುಳಿಯುತ್ತಾ ಮೇಲೆ ಬಿಯರ್ ಹೀರುತ್ತಾ ಬೀದಿ ಬೀದಿ ಕಿರುಚಿಕೊಂಡು ಹೋಗುತ್ತಾರೆ. ಇದಕ್ಕೆ 'ಊರು ನೋಡುವುದು' ಎಂದು ಹೆಸರು! ಮುಖ ಬಿಯರಿಗೆ, ಬೆನ್ನು ಊರಿಗೆ! ನಮ್ಮ ಚರ್ಚಿನ ಗೋಪುರವನ್ನಾಗಲಿ, ನಮ್ಮ ಗಡಿಯಾರ ಕಂಬವನ್ನಾಗಲಿ, ಇದುವರೆಗೆ ಒಬ್ಬನಾದರೂ ಕತ್ತು ತಿರುಗಿಸಿ ನೋಡಿದ್ದಾನೆಯೇ?"

"ನೀನು ಒಂದ್ಸಲನಾದ್ರೂ ಅದನ್ನ ಹತ್ತಿದೀಯಾ?" ಎಂದಳು ಡೋರೀನ್, ಸಾಸಿವೆ ಒರೆಸುತ್ತಾ.

"ಕೊಲೆ ಕೇಸು ನಡೆಸೋ ಜಡ್ಜು ತಾನೂ ಒಂದು ಕೊಲೆ ಮಾಡಿರ್ಬೇಕಾ?"

"ಕೊಲೆ ಏನೂ ಬೇಡಪ್ಪ. ಈ ಶನಿವಾರ ಮಾರ್ಲಿಸ್ ಅಕ್ಕಂಗೆ ಅರವತ್ತು ತುಂಬತ್ತೆ. ಪೆಡಲ್ ಬಾರ್ ಗೊತ್ತು ಮಾಡಿದಾಳೆ. ನೀನೂ ಬರ್ತಿದೀಯ."

"ನಾನಾ! ಮತದಾರರು ನೋಡಿದ್ರೆ?"

"ಬರಲ್ಲ ಅಂತ ಅವಳಿಗೆ ನೀನೇ ಫೋನ್ ಮಾಡಿ ಹೇಳು. ನಾನಂತೂ ಹೇಳಲ್ಲ."

ಹಾರ್ಲನ್ ಮೂವರು ಮೇಯರ್‌ಗಳನ್ನು ಎದುರು ಹಾಕಿಕೊಂಡ ಗಂಡುಗಲಿ. ಆದರೆ ಮಾರ್ಲಿಸ್ ನಿವೃತ್ತ ವ್ಯಾಯಾಮ ಶಿಕ್ಷಕಿ. ಆಕೆಯ ಕೊರಳಲ್ಲಿ ಈಗಲೂ ಸೀಟಿ ನೇತಾಡುತ್ತದೆ. ಅವನು ಕೊಂಚ ಹೊತ್ತು ಫೋನನ್ನೇ ನೋಡಿದ. ಆಮೇಲೆ ಎದೆ ಸೆಟೆಸಿದ.

"ಬರ್ತೀನಿ! ಆದ್ರೆ ನೆಂಟನಾಗಿ ಅಲ್ಲ, ತಪಾಸಣೆಗೆ! ಒಂದು ತೊಟ್ಟು ಕುಡಿಯಲ್ಲ, ಒಂದು ಸುತ್ತು ತುಳಿಯಲ್ಲ, ಒಂದೇ ಒಂದು ಮಾತು ಜೋರಾಗಿ ಆಡಲ್ಲ!"

ಮೂರನೆಯ ಪ್ರತಿಜ್ಞೆಗೆ ವಿಶೇಷ ಕಾರಣವಿತ್ತು. ಪಕ್ಕದ ಮನೆಯವನು ತುತ್ತೂರಿ ಕಲಿಯಲು ಶುರುಮಾಡಿದ ಸಂಕಟದಲ್ಲಿ ಹಾರ್ಲನ್ ಹೋದ ವರ್ಷವೇ ಒಂದು ಗಲಾಟೆ ಕಾನೂನು ಪಾಸು ಮಾಡಿಸಿದ್ದ. ಯಾರಾದರೂ ದೂರು ಕೊಟ್ಟರೆ, ಗಲಾಟೆಯ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಅರಚಿದವನು ಒಂದು ಶನಿವಾರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ದೂರುದಾರರ ಬೀದಿ ಗುಡಿಸಬೇಕು! ದೂರಿನ ಫೋನು ನೇರವಾಗಿ ತನ್ನ ಜೇಬಿಗೇ ಬರುವಂತೆ ಅವನು ಏರ್ಪಾಡು ಮಾಡಿಕೊಂಡಿದ್ದ. ದೀಪದ ಕಂಬ ಕಂಬಕ್ಕೂ ಅವನ ನಗುಮುಖದ ಪೋಸ್ಟರು: "ಗಲಾಟೆಯೇ? ಹಾರ್ಲನ್‌ಗೆ ಹೇಳಿ!"

ಹೇಳುವವರಲ್ಲಿ ಅಗ್ರಗಣ್ಯೆ ಮಿಸೆಸ್ ಒಟಿಲಿ ಲೀಬರ್. ದೋಣಿ ಬಂದಾಗ ಮೇಲೆತ್ತುವ ಸೇತುವೆಯ ಪಕ್ಕದ ಕಟ್ಟಡದ ಮೊದಲ ಮಹಡಿಯಲ್ಲಿ ವಾಸ. ಎಂಬತ್ತು ದಾಟಿದ್ದರೂ ಕಿವಿ ಮಾತ್ರ ಇಪ್ಪತ್ತರದ್ದು. ಪೆಡಲ್ ಬಾರ್ ಬೇಡವೆಂದು ಬೀದಿಯವರ ಸಹಿ ಮಾಡಿಸಿದವರು ಆಕೆ. ಸೋಮವಾರದ ಸಭೆಗೆ ಬಂದು ಸಾಕ್ಷಿ ನುಡಿಯುವವರೂ ಆಕೆ. ಆಕೆ ಬಾಯಿಬಿಟ್ಟರೆ ಮಸೂದೆ ಪಾಸು, ಬಿಡದಿದ್ದರೆ ಡೊಂಬೆಕ್ ನಪಾಸು.

ಶನಿವಾರ ಮಧ್ಯಾಹ್ನ ಹಾರ್ಲನ್ ವೇಷ ಮರೆಸಿಕೊಂಡು ಬಂದ. ಚೀಸ್ ತುಂಡಿನಾಕಾರದ ದೊಡ್ಡ ಹಳದಿ ಸ್ಪಂಜಿನ ಟೋಪಿ, ಅದರ ಕೆಳಗೆ ಕಪ್ಪು ಕನ್ನಡಕ. ಬೇರೆ ಊರಾಗಿದ್ದರೆ ಜನ ಮುತ್ತಿಕೊಳ್ಳುತ್ತಿದ್ದರು. ಫುಟ್‌ಬಾಲ್ ಹುಚ್ಚಿನಲ್ಲಿ ಜನ ಇದೇ ಟೋಪಿ ತೊಟ್ಟು ಪಂದ್ಯಕ್ಕೆ ಹೋಗುವ ವಿಸ್ಕಾನ್ಸಿನ್ ರಾಜ್ಯದಲ್ಲಿ ಚೀಸ್ ಹೊತ್ತ ತಲೆಯನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಗಾಡಿಯ ತುಂಬ ಮಾರ್ಲಿಸ್‌ಳ ಹಳೆಯ ಗೆಳತಿಯರು. ಎಲ್ಲರೂ ಶಾಲೆಯಿಂದ ನಿವೃತ್ತರಾದವರು, ಶಿಸ್ತಿನಿಂದಲೂ ನಿವೃತ್ತರಾದವರು. ಮುಂದೆ ಸ್ಟಿಯರಿಂಗ್ ಹಿಡಿದು ಕೂತವಳು ಬರ್ನಡೆಟ್ ಎಂಬ ದಪ್ಪನೆಯ ಹೆಂಗಸು. ಗಾಡಿಯಲ್ಲಿ ಕುಡಿಯುವಂತಿಲ್ಲದವಳು ಅವಳೊಬ್ಬಳೇ. ಆ ಸಿಟ್ಟನ್ನೆಲ್ಲ ಮೈಕಿನಲ್ಲಿ ತೀರಿಸಿಕೊಳ್ಳುತ್ತಿದ್ದಳು.

ಹಾರ್ಲನ್ ಪೆಡಲ್ ಇಲ್ಲದ ಹಿಂಬದಿಯ ಬೆಂಚಿನಲ್ಲಿ ಕೂತು ನಿಂಬೆ ಪಾನಕ ಹಿಡಿದುಕೊಂಡ.

"ಬಲಗಡೆ ನೋಡಿ, ನಮ್ಮೂರಿನ ಪುರಾತನ ಚರ್ಚು!" ಎಂದಳು ಬರ್ನಡೆಟ್. ಯಾರೂ ನೋಡಲಿಲ್ಲ.

"ಎಡಗಡೆ ಗಡಿಯಾರ ಕಂಬ!"

"ಆ ಕರಿದ ಚೀಸು ಈ ಕಡೆ ತಳ್ಳೇ," ಎಂದಳೊಬ್ಬಳು.

"ನೋಡಿದ್ಯಾ?" ಹಾರ್ಲನ್ ಹೆಂಡತಿಯ ಕಿವಿಯಲ್ಲಿ ಉಸುರಿದ. "ನನ್ನ ಭಾಷಣದಲ್ಲಿ ಬರೆದಿದ್ದು ಅಕ್ಷರಶಃ ನಿಜ!"

"ಚರ್ಚನ್ನ ನೀನಾದ್ರೂ ನೋಡಿದ್ಯಾ?"

"ನಾನು ನೋಡದೇ ಇರೋರನ್ನ ನೋಡ್ತಿದ್ದೆ!"

ಅಷ್ಟರಲ್ಲಿ ಜೇಬು ರಿಂಗಣಿಸಿತು. ಮಿಸೆಸ್ ಲೀಬರ್! ಹಾರ್ಲನ್ ಟೋಪಿಯ ಅಂಚನ್ನು ಬಾಯಿಗೆ ಅಡ್ಡ ಹಿಡಿದ.

"ಮಿಸ್ಟರ್ ಡೊಂಬೆಕ್, ಮತ್ತೆ ಬರ್ತಾ ಇದಾವೆ ಆ ಪಿಶಾಚಿಗಳು! ದೂರದಿಂದಲೇ ಕೇಳಿಸ್ತಿದೆ."

"ಗಾಬರಿ ಆಗ್ಬೇಡಿ ಮೇಡಮ್. ನಾನು ಸ್ಥಳದಲ್ಲೇ ಇದೀನಿ. ಖುದ್ದಾಗಿ ವಿಚಾರಿಸ್ತಾ ಇದೀನಿ."

"ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ. ನಿಮ್ಮಂಥೋರು ಇರೋದಕ್ಕೇ ಈ ಊರು ಉಳ್ಕೊಂಡಿದೆ."

ಫೋನಿಟ್ಟು ಹಾರ್ಲನ್ ಬೀಗಿದ. "ಕೇಳಿಸ್ಕೊಂಡ್ಯಾ? ಊರು ಉಳ್ಕೊಂಡಿದೆಯಂತೆ!"

"ಪಾನಕ ಚೆಲ್ತಿದೀಯ," ಎಂದಳು ಡೋರೀನ್.

ಗಾಡಿ ಸೇತುವೆಯ ಏರಿಗೆ ಬಂತು. ಏರು ದೊಡ್ಡದೇನಲ್ಲ, ಮಕ್ಕಳ ತಳ್ಳುಗಾಡಿ ಸಲೀಸಾಗಿ ಹತ್ತುತ್ತದೆ. ಆದರೆ ಮಾರ್ಲಿಸ್ ತನ್ನ ಹಳೆಯ ಹೆಡ್‌ಮಾಸ್ತರರ ನಡಿಗೆಯನ್ನು ಅಣಕಿಸುತ್ತಿದ್ದಳು. ಹೆಂಗಸರು ನಕ್ಕೂ ನಕ್ಕೂ ಕಾಲಿನ ಬಲ ಕಳೆದುಕೊಂಡರು. ಗಾಡಿ ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಬರ್ನಡೆಟ್ ಬ್ರೇಕು ಒತ್ತಿ ಹಿಡಿದಳು. ಹಿಂದೆ ಕಾರುಗಳ ಸಾಲು, ಹಾರನ್ನುಗಳ ಆರ್ಭಟ.

"ಹಿಂದ್ಗಡೆ ಕೂತಿರೋ ಚೀಸ್ ಸಾಹೇಬ್ರೇ!" ಎಂದು ಮೈಕು ಅರಚಿತು. "ಅಲಂಕಾರಕ್ಕೆ ಕೂತಿದ್ದು ಸಾಕು. ಬಂದು ತುಳೀರಿ!"

"ನಾನು... ನಾನು ತುಳಿಯೋ ಹಾಗಿಲ್ಲ."

ಮಾರ್ಲಿಸ್ ಸೀಟಿ ಊದಿದಳು. "ಹಾರ್ಲನ್! ಎದ್ದೇಳು! ನನ್ನ ಮಂಡಿ ಹಿಡ್ಕೊಂಡಿದೆ, ನನ್ನ ಸೀಟಿಗೆ ಬಾ!"

ಸೀಟಿ ಕೇಳಿದ ಕಾಲುಗಳು ಯಜಮಾನನ ಅಪ್ಪಣೆಗೆ ಕಾಯಲಿಲ್ಲ. ಹಾರ್ಲನ್ ಸೀಟು ಏರಿ ಒಂದು ಸುತ್ತು ತುಳಿದ. ಏನೂ ಆಗಲಿಲ್ಲ. ಎಲ್ಲರೂ ತಮಗೆ ತೋಚಿದ ಹೊತ್ತಿಗೆ ತುಳಿಯುತ್ತಿದ್ದರು. ಥೇಟ್ ನಗರಸಭೆ!

"ಒಟ್ಟಿಗೆ ತುಳೀರಿ," ಎಂದ ಮೆಲ್ಲಗೆ. ಯಾರಿಗೂ ಕೇಳಿಸಲಿಲ್ಲ.

"ಒಟ್ಟಿಗೆ ತುಳೀರಿ!" ಎಂದ ಸ್ವಲ್ಪ ಜೋರಾಗಿ. ಇಬ್ಬರು ತುಳಿದರು.

ಆಗ, ಮೈಕಿಲ್ಲದೆಯೂ ಕೊನೆಯ ಸಾಲಿನವರನ್ನು ನಿದ್ದೆಯಿಂದ ಎಬ್ಬಿಸಬಲ್ಲ ಆ ಪ್ರಸಿದ್ಧ ಕಂಠ ತಾನಾಗಿಯೇ ಬಿಚ್ಚಿಕೊಂಡಿತು.

"ಎಡಾ... ಬಲಾ! ಎಡಾ... ಬಲಾ! ಐಸಾ!"

"ಐಸಾ!" ಎಂದರು ಹೆಂಗಸರು.

ಗಾಡಿ ಮುಂದಕ್ಕೆ ಒಂದು ಮಾರು ಹೋಯಿತು.

ಹಾರ್ಲನ್ ಬಗ್ಗಿ ಚಕ್ರ ತಿರುಗುವುದನ್ನು ನೋಡಿದ. ಇಷ್ಟು ವರ್ಷ ನಗರಸಭೆಯಲ್ಲಿ ಅವನು ಹೇಳಿದ ಒಂದು ಮಾತನ್ನಾದರೂ ಯಾರಾದರೂ ಹೇಳಿದ ಕೂಡಲೇ ಮಾಡಿದ್ದುಂಟೇ? ಮನೆಯಲ್ಲಿ? ಬಿಡಿ, ನಾಯಿ ಕೂಡ ಯೋಚಿಸಿ ತೀರ್ಮಾನಿಸುತ್ತಿತ್ತು. ಇಲ್ಲಿ ನೋಡಿದರೆ ಎಡ ಎಂದರೆ ಎಡ, ಬಲ ಎಂದರೆ ಬಲ! ಬಿಯರಿನ ಅಮಲು ಇಳಿಯುತ್ತದೆ, ಆಜ್ಞೆಯ ಅಮಲು ಏರುತ್ತಲೇ ಹೋಗುತ್ತದೆ. ಅವನು ಸೀಟಿನ ಮೇಲೆ ಅರ್ಧ ಎದ್ದು ನಿಂತ.

"ಯಾರದೀ ಬೀದಿ?"

"ನಮ್ಮದು!"

"ಯಾರದೀ ಸೇತುವೆ?"

"ನಮ್ಮದು!"

"ಕೇಳಿಸ್ತಾ ಇಲ್ಲ! ಇನ್ನೂ ಜೋರಾಗಿ! ಐಸಾಆಆ!"

"ಹಾರ್ಲನ್, ಸಾಕು, ಏರು ಮುಗೀತು," ಎಂದು ಡೋರೀನ್ ಅಂಗಿ ಜಗ್ಗಿದಳು. ಅವಳ ಮಾತು ಯಾರಿಗೆ ಕೇಳಿಸಬೇಕು? ದಂಡಯಾತ್ರೆಯ ನಡುವೆ ಸೇನಾಪತಿಯ ಅಂಗಿ ಜಗ್ಗಬಾರದು ಎಂಬಂತೆ ಅವನು ಕೊಡವಿಕೊಂಡ. ಅತ್ತ ದೋಣಿಯೊಂದಕ್ಕೆ ದಾರಿ ಬಿಡಲು ಸೇತುವೆಯ ಗಂಟೆ ಹೊಡೆಯಿತು. ಗೇಟು ಬಿತ್ತು. ಗಾಡಿ ನಿಂತಿತು. ನಿಂತ ಜಾಗ ಮಿಸೆಸ್ ಲೀಬರ್ ಅವರ ಬಾಲ್ಕನಿಯ ಕೆಳಗೆ! ಗಾಡಿ ನಿಂತರೂ ಘೋಷಣೆ ನಿಲ್ಲಲಿಲ್ಲ.

ಜೇಬು ಮತ್ತೆ ರಿಂಗಣಿಸಿತು.

"ಮಿಸ್ಟರ್ ಡೊಂಬೆಕ್! ನನ್ನ ಮನೆ ಕೆಳಗೇ ನಿಂತಿದೆ! ಅದ್ರಲ್ಲಿ ಒಬ್ಬ ಇದಾನೆ ನೋಡಿ, ತಲೆ ಮೇಲೆ ಚೀಸು. ಗಂಟಲು ಅಂದ್ರೆ ಗಂಟಲು! ಉಳಿದೋರು ಪಾಪ ಸಂಭಾವಿತ ಹೆಂಗಸರು, ಅವನೇ ಕುಮ್ಮಕ್ಕು ಕೊಡ್ತಿರೋದು."

"ಛೇ ಛೇ! ಎಂಥ ಅನಾಗರಿಕ!" ಎಂದ ಹಾರ್ಲನ್, ಆವೇಶ ಇನ್ನೂ ಇಳಿಯದ ದನಿಯಲ್ಲಿ. "ಅಂಥವನನ್ನ ಸುಮ್ನೆ ಬಿಡಬಾರ್ದು ಮೇಡಮ್!"

ಆ ಕಡೆ ಕಿಟಕಿ ಪೂರ್ತಿ ತೆರೆದ ಸದ್ದು.

"ಮಿಸ್ಟರ್ ಡೊಂಬೆಕ್, ಒಂದು ವಿಚಿತ್ರ. ನಿಮ್ಮ ದನಿ ನಂಗೆ ಎರಡೆರಡು ಸಲ ಕೇಳಿಸ್ತಿದೆ. ಒಂದ್ಸಲ ಫೋನಲ್ಲಿ, ಒಂದ್ಸಲ ಕಿಟಕೀಲಿ."

"ನೆ... ನೆಟ್‌ವರ್ಕ್ ತೊಂದರೆ ಇರ್ಬೇಕು ಮೇಡಮ್."

"ಕಿಟಕಿಗೂ ನೆಟ್‌ವರ್ಕ್ ಬರತ್ತಾ?"

ಹಾರ್ಲನ್ ಮೇಲೆ ನೋಡಿದ. ನೋಡಬಾರದಿತ್ತು. ನದಿಯ ಗಾಳಿಗೆ ಚೀಸ್ ಟೋಪಿ ಹಾರಿ ನೀರಿಗೆ ಬಿತ್ತು. ಕಿಟಕಿ ಬಿಟ್ಟು ಬಾಲ್ಕನಿಗೆ ಬಂದು ನಿಂತಿದ್ದರು, ಫೋನು ಹಿಡಿದ ಮಿಸೆಸ್ ಲೀಬರ್. ಬಾಲ್ಕನಿಯ ಪಕ್ಕದ ಕಂಬದಲ್ಲಿ "ಗಲಾಟೆಯೇ? ಹಾರ್ಲನ್‌ಗೆ ಹೇಳಿ!" ಎಂದು ಹಲ್ಲು ಕಿರಿಯುವ ಹಾರ್ಲನ್. ಆಕೆ ಕಂಬದ ಮುಖವನ್ನೊಮ್ಮೆ, ಗಾಡಿಯ ಮುಖವನ್ನೊಮ್ಮೆ ಸಾವಕಾಶವಾಗಿ ಹೋಲಿಸಿ ನೋಡಿದರು.

"ಸ್ಥಳದಲ್ಲೇ ಇದೀನಿ ಅಂದ್ರಲ್ಲ," ಎಂದರು ಫೋನಿನಲ್ಲಿ. "ನಿಜಾನೇ ಹೇಳಿದ್ರಿ."

ಆ ರಾತ್ರಿ ಹಾರ್ಲನ್‌ಗೆ ಒಂದೇ ಆಸರೆ ಹೊಳೆಯಿತು. "ಕುಡಿದ ಅಮಲಲ್ಲಿ ಆಯ್ತು ಅಂತ ಹೇಳಿಬಿಟ್ರೆ ಹೇಗೆ?"

"ನೀನು ಕುಡಿದಿದ್ದು ನಿಂಬೆ ಪಾನಕ," ಎಂದಳು ಡೋರೀನ್ ದೀಪ ಆರಿಸುತ್ತಾ. "ಅದ್ರಲ್ಲೂ ಅರ್ಧ ನನ್ನ ಮೇಲೆ ಚೆಲ್ಲಿದ್ದೆ."

ಸೋಮವಾರದ ಸಭೆ ಎಂದೂ ಇಲ್ಲದಷ್ಟು ತುಂಬಿತ್ತು. ಕಾರಿನ ಸಾಲಿನಲ್ಲಿ ಸಿಕ್ಕಿಕೊಂಡವರೊಬ್ಬರು ತೆಗೆದ ವಿಡಿಯೋ ಹಾರ್ಲನ್‌ಗಿಂತ ಮೊದಲೇ ಎಲ್ಲ ಸದಸ್ಯರ ಮನೆಗೂ ಹೋಗಿ ಬಂದಿತ್ತು. ಅವನು ಧೈರ್ಯ ಮಾಡಿ ಎದ್ದು ನಿಂತ.

"ಮಾನ್ಯ ಅಧ್ಯಕ್ಷರೇ! ಮನುಷ್ಯ ಚಕ್ರವನ್ನು ಕಂಡುಹಿಡಿದ..."

"ಐಸಾ!" ಎಂದಿತು ಹಿಂದಿನ ಸಾಲು.

ಮುಂದಿನ ಭಾಷಣ ಸಾಸಿವೆ ಕಲೆಯ ಕೆಳಗೇ ಉಳಿಯಿತು. ಮಿಸೆಸ್ ಲೀಬರ್ ಕೋಲೂರಿಕೊಂಡು ಎದ್ದರು.

"ಗಾಡಿ ಮೇಲಿದ್ದ ಸಿಟ್ಟು ನಂಗೆ ಹೋಗಿದೆ. ಗಾಡಿ ಏನು ಮಾಡತ್ತೆ, ಪಾಪ. ನನ್ನ ದೂರು ಈಗ ಇರೋದು ಆ ಗಂಟಲಿನ ಮೇಲೆ. ಅದಕ್ಕೆ ಆಗ್ಲೇ ಒಂದು ಕಾನೂನು ಇದೆಯಂತಲ್ಲ, ತುಂಬ ಒಳ್ಳೇ ಕಾನೂನು, ಯಾರೋ ಬುದ್ಧಿವಂತರು ಮಾಡಿದಾರೆ."

ನಿಷೇಧ ಬಿದ್ದುಹೋಯಿತು. ಅದರ ಪರವಾಗಿ ಎತ್ತಿದ್ದು ಒಂದೇ ಕೈ, ಅದೂ ಭುಜದ ಮಟ್ಟಕ್ಕೆ.

ಮುಂದಿನ ಶನಿವಾರ ಸೇತುವೆ ಬೀದಿಯಲ್ಲಿ ಕಿತ್ತಳೆ ಅಂಗಿ ತೊಟ್ಟು ಹಾರ್ಲನ್ ಪೊರಕೆ ಹಿಡಿದಿದ್ದ. ಮೇಲೆ ಬಾಲ್ಕನಿಯಲ್ಲಿ ಮಿಸೆಸ್ ಲೀಬರ್ ಜೊತೆ ಕೂತು ಕಾಫಿ ಕುಡಿಯುತ್ತಿದ್ದವಳು ಡೋರೀನ್. ಕ್ಷಮೆ ಕೇಳಲೆಂದು ಕೇಕು ತಂದವಳು, ಅಲ್ಲಿಯೇ ಠಿಕಾಣಿ ಹೂಡಿದ್ದಳು.

"ಆ ಮೂಲೇಲಿ ಒಂದು ಎಲೆ ಉಳ್ಕೊಂಡಿದೆ ಮಿಸ್ಟರ್ ಡೊಂಬೆಕ್!"

"ನೋಡಿದೆ ಮೇಡಮ್," ಎಂದ ಹಾರ್ಲನ್, ತೀರಾ ಮೆಲುದನಿಯಲ್ಲಿ.

ಆಗ ಏರಿನ ಕಡೆಯಿಂದ ಹಾಡು ಕೇಳಿಸಿತು. ಬರ್ನಡೆಟ್‌ಳ ಗಾಡಿ! ಈ ಸಲ ಯಾವುದೋ ಮದುಮಗಳ ಗೆಳತಿಯರ ದಂಡು. ಎಲ್ಲರ ಮುಖ ಬಿಯರಿಗೆ, ಎಲ್ಲರ ಬೆನ್ನು ಊರಿಗೆ. ಹಾರ್ಲನ್ ಕಂಬದ ಮರೆಗೆ ಸರಿದ. ಆದರೆ ಕಂಬದ ಮೇಲೂ ಅವನೇ ಇದ್ದ.

"ಬಲಗಡೆ ನೋಡಿ!" ಎಂದಿತು ಮೈಕು. "ನಗರಸಭೆ ಸದಸ್ಯ ಹಾರ್ಲನ್ ಡೊಂಬೆಕ್, ಪೊರಕೆ ಸಮೇತ!"

ಚರ್ಚಿನ ಗೋಪುರಕ್ಕೆ ತಿರುಗದ ಕತ್ತುಗಳು, ಗಡಿಯಾರ ಕಂಬಕ್ಕೆ ತಿರುಗದ ಕತ್ತುಗಳು, ಒಂದೂ ಬಿಡದೆ ಏಕಕಾಲಕ್ಕೆ ತಿರುಗಿದವು. ಫೋನುಗಳು ಚಕಚಕನೆ ಫೋಟೋ ತೆಗೆದವು.

"ನೀವು ತಪ್ಪು ತಿಳ್ಕೊಂಡಿದೀರಿ," ಎಂದ ಹಾರ್ಲನ್ ಪೊರಕೆಯನ್ನು ಮುಖಕ್ಕೆ ಅಡ್ಡ ಹಿಡಿದು. "ನಾನು ಅವನಲ್ಲ!"

"ನಿಜ ಕಣ್ರಮ್ಮ, ನಂಬಿ!" ಎಂದು ಬಾಲ್ಕನಿಯಿಂದ ಡೋರೀನ್ ಕೂಗಿದಳು. "ಈ ಗಾಡಿ ಎತ್ತಂಗಡಿ ಆಗದಿದ್ರೆ ಅವನ ಹೆಸರು ಹಾರ್ಲನ್ ಡೊಂಬೆಕ್ಕೇ ಅಲ್ವಂತೆ! ಅವನೇ ಹೇಳಿದ್ದು!"