ನಾನು ಪುಣೆ ನೋಡಿದ್ದು, ಟ್ರಂಕಿನ ಸಮೇತ

ನಾನು ಸ್ವಭಾವತಃ ಬಹಳ ಬಳಕೆಯ ಮನುಷ್ಯ. ನಾಲ್ಕು ಜನ ಸಿಕ್ಕರೆ ನಲವತ್ತು ಮಾತಾಡುವವ. ಪುಣೆಗೆ ಬಂದು ಎರಡು ವರ್ಷವಾದರೂ ಆ ನಾಲ್ಕು ಜನ ಇನ್ನೂ ಸಿಕ್ಕಿರಲಿಲ್ಲ, ಅಷ್ಟೇ!

ಲಷ್ಕರದ ಒಂದು ಕಚೇರಿಯಲ್ಲಿ ಗುಮಾಸ್ತನ ಕೆಲಸ. ಸದಾಶಿವ ಪೇಟೆಯ ಒಂದು ವಾಡೆಯ ನೆಲಮಹಡಿಯಲ್ಲಿ ಒಂದು ಕೋಣೆ. ಕೋಣೆಗೆ ಎರಡು ಬಾಗಿಲು. ಮುಂದಿನದು ವಾಡೆಯ ಅಂಗಳಕ್ಕೆ, ಹಿಂದಿನದು ಸಂದಿಗೆ. ಅಂಗಳದಲ್ಲಿ ಸದಾ ಹೆಂಗಸರು, ಮಕ್ಕಳು, ಮಾತು. ನನ್ನ ಮರಾಠಿಯೋ, ದೇವರಿಗೇ ಪ್ರೀತಿ. ಆದ್ದರಿಂದ ಮುಂಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ ಸಂದಿಯ ಬಾಗಿಲಿನಿಂದಲೇ ಓಡಾಡುತ್ತಿದ್ದೆ. ಉತ್ಸವಕ್ಕೆ ವರ್ಗಣಿ, ಅಂದರೆ ಚಂದಾ, ಕೇಳುವವರು ಬಂದು ಮುಂಬಾಗಿಲು ಬಡಿದರೆ ಸ್ಟೋವ್ ಆರಿಸಿ, ಉಸಿರು ಹಿಡಿದು ಕೂಡುತ್ತಿದ್ದೆ. ಬಳಕೆಯ ಮನುಷ್ಯನಾದರೂ ಒಂದು ಎಚ್ಚರಿಕೆ ಬೇಡವೇ?

ಹೀಗಿರುವಾಗ ಧಾರವಾಡದಿಂದ ಅಕ್ಕನ ಕಾಗದ ಬಂತು. ತಂದೆತಾಯಿ ಇಲ್ಲದ ನನ್ನನ್ನು ಬೆಳೆಸಿದವಳು ಅವಳೇ. ಅವಳ ಕಾಗದವೆಂದರೆ ಸರಕಾರಿ ಹುಕುಮು.

“ತಮ್ಮಾ, ಎರಡು ವರ್ಷಾತು. ಅಲ್ಲೆ ನಿನ್ನ ಮಾರಿ ಗುರ್ತ ಹಿಡದು ಮಾತಾಡ್ಸಾವ್ರು ಒಬ್ಬರರೆ ಅದಾರೇನು? ಇದ್ರ ಅವರ ಹೆಸರು ಬರಿ. ಯುಗಾದಿ ಒಳಗ ಬರೀಲಿಲ್ಲಂದ್ರ ನಿಮ್ಮ ಮಾವನ್ನ ಕಳಿಸಿ ಕರಕೊಂಡ ಬರ್ತೀನಿ. ಅವರ ಜ್ವಾಳದ ಅಂಗಡ್ಯಾಗ ಕೂಡ್ರುವಿಯಂತ.”

ಯಾರ ಶಿಫಾರಸೂ ಇಲ್ಲದೆ ಪುಣೆಯಲ್ಲಿ ನೌಕರಿ ಹಿಡಿದವನೆಂದು ಓಣಿಯೆಲ್ಲ ಹೆಮ್ಮೆಪಟ್ಟು ನನ್ನನ್ನು ಕಳಿಸಿತ್ತು. ಈಗ ಮಾವನ ಹಿಂದೆ ಕುರಿಯ ಹಾಗೆ ಮರಳಿ ಹೋಗಿ ಜೋಳ ಅಳೆಯುವುದೇ? ಒಂದು ಹೆಸರು ತಾನೆ, ಬರೆದರಾಯಿತು ಎಂದು ದೌತಿ ತೆಗೆದು ಕುಳಿತೆ. ಶಾಯಿ ಒಣಗುವವರೆಗೂ ಕುಳಿತೆ. ಒಂದೂ ಹೆಸರು ಹೊಳೆಯಲಿಲ್ಲ!

ಮರುದಿನ ರವಿವಾರ. ರವಿವಾರದ ನನ್ನ ಒಂದು ಗುಟ್ಟನ್ನು ಇಲ್ಲಿ ಹೇಳಲೇಬೇಕು. ಬೆಳಿಗ್ಗೆ ಧಾರವಾಡದ ಕಡೆಯ ಗಾಡಿ ಬರುವ ಹೊತ್ತಿಗೆ ನಾನು ಸ್ಟೇಶನ್ನಿಗೆ ಹೋಗಿ ಒಂದು ಕಂಬದ ಮರೆಯಲ್ಲಿ ನಿಲ್ಲುತ್ತಿದ್ದೆ. ಯಾರನ್ನೂ ಎದುರುಗೊಳ್ಳಲು ಅಲ್ಲ. ಇಳಿದವರು “ಏ, ಗಂಟ ತಗೋ”, “ಯಕ್ಕಾ, ತಂಬಗಿ ಎಲ್ಲಿಟ್ಟೀ” ಎಂದು ಕೂಗಾಡುವ ಕನ್ನಡವನ್ನು ಕಿವಿ ತುಂಬ ಕೇಳಿಕೊಂಡು ಬರಲು. ಅದು ಮುಂದಿನ ರವಿವಾರದವರೆಗೆ ಸಾಕಾಗುತ್ತಿತ್ತು. ಸಾಕಾಗುತ್ತಿರಲಿಲ್ಲ, ಆದರೂ ಸಾಕುಮಾಡಿಕೊಳ್ಳುತ್ತಿದ್ದೆ.

ಅಂದು ನನ್ನ ಕರಿ ಟೊಪ್ಪಿಗೆಯನ್ನು ತೊಳೆದು ಮುಂದಿನ ಕಿಟಕಿಯಲ್ಲಿ ಒಣಹಾಕಿದ್ದೆ. ಆದ್ದರಿಂದ ತಲೆಗೆ ತಂದೆಯ ಕಾಲದ ರುಮಾಲು ಸುತ್ತಿದೆ. ಟ್ರಂಕಿನ ಬೀಗ ಕೆಟ್ಟಿತ್ತು. ಸ್ಟೇಶನ್ನಿನ ಹತ್ತಿರ ರಿಪೇರಿ ಮಾಡುವವನಿದ್ದಾನೆಂದು ಖಾಲಿ ಟ್ರಂಕನ್ನೂ ಎತ್ತಿಕೊಂಡು ಹೋದೆ. ರವಿವಾರ ಅವನ ಅಂಗಡಿ ಮುಚ್ಚಿರುತ್ತದೆಂದು ಯಾವ ಮೂರ್ಖನಿಗಾದರೂ ಹೊಳೆಯುತ್ತಿತ್ತು.

ಗಾಡಿ ಬಂತು. ಜನಜಂಗುಳಿ ಕಂಬದ ಮರೆಯಿಂದ ನನ್ನನ್ನು ಎಳೆದು ಹೊರಬಾಗಿಲಿಗೆ ತಂದು ಬಿಟ್ಟಿತು. ಅಲ್ಲಿ ಕೊಡೆ ಹಿಡಿದ ಒಬ್ಬ ಮುದುಕ ನಿಂತಿದ್ದ. ನಮ್ಮ ಕಡೆಯಿಂದ ಬರುವ ಯಾತ್ರಿಕರಿಗೆ ಊರು ತೋರಿಸುವ ನಿಂಗಪ್ಪ ಎಂದು ಆಮೇಲೆ ತಿಳಿಯಿತು. ರುಮಾಲು ನೋಡಿದ, ಟ್ರಂಕು ನೋಡಿದ.

“ಯಾವೂರ್ರೀ ರಾಯರ?”

“ಧಾರವಾಡ.”

“ಈಗ ಇಳದ್ರ್ಯಾ? ಪುಣೆ ನೋಡಾಕ ಬಂದ್ರೇನು?”

ಎರಡು ವರ್ಷದ ಮೇಲೆ ಒಬ್ಬರು ನನ್ನ ಮುಖ ನೋಡಿ ಕನ್ನಡದಲ್ಲಿ ಮಾತಾಡಿಸಿದ್ದರು. ‘ಇಲ್ಲ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ.

“ಹೂಂ” ಎಂದೆ.

ಆ ಒಂದು ‘ಹೂಂ’ ನನ್ನನ್ನು ಎಲ್ಲಿಗೆ ಮುಟ್ಟಿಸಿತು ಕೇಳಿರಿ!

ಟಾಂಗಾ ಶನಿವಾರವಾಡೆಗೆ ಹೋಯಿತು. ನಿಂಗಪ್ಪ ಅಥಣಿಯ ಕಡೆಯವನು. ಪುಣೆಗೆ ಬಂದು ಮೂವತ್ತು ವರ್ಷವಾಗಿದ್ದರೂ ಅವನ ಇತಿಹಾಸ ಅಥಣಿ ಬಿಟ್ಟು ಬಂದಿರಲಿಲ್ಲ. ಕೋಟೆಯ ದೊಡ್ಡ ಬಾಗಿಲಿನ ಮೊಳೆಗಳನ್ನು ಕೊಡೆಯಿಂದ ತೋರಿಸಿ, “ಆನಿ ಬಂದ್ರೂ ಮುರ್ಯಾಕಾಗಬಾರ್ದು, ಹಂಗ ಮಾಡ್ಯಾರ. ಮಾಡಿದಾಂವ ನಮ್ಮ ಅಥಣಿ ಬಡಿಗ್ಯಾ!” ಎಂದ.

“ಹೌದೇನ್ರಿ?”

“ಮತ್ತ! ಇಲ್ಲಿ ಮಂದಿಗೆ ಗೊತ್ತಿಲ್ಲ. ನಾನೂ ಹೇಳೂದಿಲ್ಲ. ಸುಮ್ನ ಯಾಕ ಜಗಳ?”

ಪರ್ವತಿ ಗುಡ್ಡ ಹತ್ತಿದೆವು. ಟಾಂಗಾದಲ್ಲಿ ಟ್ರಂಕು ಬಿಟ್ಟರೆ ಕದಿಯುತ್ತಾರೆಂದು ನಿಂಗಪ್ಪ ಹೆದರಿಸಿದ್ದರಿಂದ ಅದೂ ನನ್ನ ಹೆಗಲೇರಿ ದೇವದರ್ಶನಕ್ಕೆ ಬಂತು. ಅರ್ಧ ಮೆಟ್ಟಿಲಿಗೆ ಕೈ ಜಾರಿ, ಮುಚ್ಚಳ ತೆರೆದುಕೊಂಡಿತು. ಒಳಗೆ ನೋಡಿದ ನಿಂಗಪ್ಪ ಗಾಬರಿಯಾದ.

“ಏನೂ ಇಲ್ಲಲ್ರೀ! ಗಾಡ್ಯಾಗ ಯಾರರೆ ಹೊಡದ್ರೇನು?”

“ಇಲ್ಲ, ಇಲ್ಲ! ಇಲ್ಲಿಂದ ತುಂಬಿಕೊಂಡ ಹೋಗಬೇಕಂತ ಖಾಲಿ ತಂದೇನಿ.”

“ಹಂಗಂದ್ರ ತುಂಬಸೂಣು!” ಎಂದ.

ತುಂಬಿಸಿಯೇಬಿಟ್ಟ. ತಾಮ್ರದ ಹಂಡೆ, ಚಿವಡಾದ ಪೊಟ್ಟಣಗಳು, ಅಕ್ಕನಿಗೊಂದು ಸೀರೆ. ಸಾಲದ್ದಕ್ಕೆ ಕೈಯಲ್ಲಿ ಒಂದು ಬುಟ್ಟಿ ಸಾಸವಡದ ಅಂಜೂರ. “ಊರಿಗೆ ಹೋಗೋರು ಬರಿಗೈಲೆ ಹೋಗಬಾರ್ದ್ರಿ” ಎಂದು ಬುದ್ಧಿ ಹೇಳಿದ. ಊರಿಗೆ ಹೋಗದವರ ಮಾತು ಅವನಿಗೇನು ಗೊತ್ತು?

ಮಧ್ಯಾಹ್ನ ಊಟಕ್ಕೆ ಅವನು ಕರೆದೊಯ್ದ ಖಾನಾವಳಿಯನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ದಿನಾ ಎರಡು ಹೊತ್ತು ನಾನು ಉಣ್ಣುವ ಖಾನಾವಳಿ! ಸಿಕ್ಕಿಬಿದ್ದೆ ಎಂದುಕೊಂಡು ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡೆ. ಮಾಲಕ ಬಂದು ನನ್ನ ಮುಖವನ್ನೇ ನೋಡಿದ. “ಪರವೂರಿನವರೇ? ಮೊದಲ ಸಲ ಬಂದಿರೇ?” ಎಂದು ಮರಾಠಿಯಲ್ಲಿ ಕೇಳಿ, ಅನ್ನದ ಮೇಲೆ ಧಾರಾಳವಾಗಿ ತುಪ್ಪ ಸುರಿದ. ಎರಡು ವರ್ಷದಲ್ಲಿ ಆ ತುಪ್ಪದ ವಾಸನೆಯನ್ನೂ ನಾನು ಕಂಡಿರಲಿಲ್ಲ. ಬಚಾವಾದೆನೆಂದು ಸಂತೋಷಪಡುತ್ತ ಉಣ್ಣಲು ಶುರುಮಾಡಿದೆ. ನಾಲ್ಕನೆಯ ತುತ್ತಿಗೆ ಆ ಸಂತೋಷವೇ ದುಃಖವಾಯಿತು.

ನಾಲ್ಕು ಗಂಟೆಗೆ ನಿಂಗಪ್ಪ, “ರಾಯರ, ಇನ್ನೊಂದ ಜಾಗಾ ಅದ. ಯಾತ್ರಿಕರಿಗೆ ತೋರಿಸೂದಿಲ್ಲ, ನೀವು ಧಾರವಾಡದವರಂತ ಕರಕೊಂಡ ಹೊಂಟೇನಿ” ಎಂದ.

“ಗುಡಿ ಏನು?”

“ಗುಡಿ ಅಲ್ರಿ. ನಿಮ್ಮೂರಾವ ಒಬ್ಬಾಂವ ಅದಾನ. ಒಬ್ಬನ ಇರ್ತಾನಂತ. ಮೂರು ಸಲ ಬಂದು ಬಾಗಲಾ ಬಡದೇನಿ, ತಗೀಲಿಲ್ಲ. ನಿಮ್ಮ ದನಿ ಕೇಳಿದ್ರ ತಗದಾನು.”

ಟಾಂಗಾ ಒಂದು ದೊಡ್ಡ ಬಾಗಿಲಿನ ಮುಂದೆ ನಿಂತಿತು. ಒಳಗೆ ಅಂಗಳ, ಬಾವಿ, ಮೇಲೆ ಮರದ ಮೊಗಸಾಲೆ. ಒಳ್ಳೆಯ ವಾಡೆ, ಇಂಥಲ್ಲಿ ಇರುವವನು ಪುಣ್ಯವಂತ ಎಂದುಕೊಂಡೆ. ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ಕರಿ ಟೊಪ್ಪಿಗೆ ಕಂಡಿತು. ನನ್ನದೇ! ಎರಡು ವರ್ಷ ಸಂದಿಯಿಂದ ಓಡಾಡಿದವನಿಗೆ ತನ್ನ ಮನೆಯ ಮುಖವೇ ಗುರುತು ಸಿಕ್ಕಿರಲಿಲ್ಲ.

ಮಾಲಕಿ ಆಜಿ ಮೊಗಸಾಲೆಯಿಂದ ಬಗ್ಗಿ ನೋಡಿದಳು. ಅವಳು ನನ್ನನ್ನು ಕಂಡದ್ದೆಲ್ಲ ಸಂದಿಯಲ್ಲಿ, ಮೇಲಿನಿಂದಲೇ. ಬಾಡಿಗೆಯನ್ನೂ ನಾನು ಸಂದಿಯ ಕಡೆಯ ಮೆಟ್ಟಿಲ ಮೇಲಿಟ್ಟು ಓಡುತ್ತಿದ್ದೆ. ಆದ್ದರಿಂದ ಅವಳ ಪಾಲಿಗೆ ನಾನೆಂದರೆ ಒಂದು ಕರಿ ಟೊಪ್ಪಿಗೆ. ಕೆಳಗೆ ನಿಂತ ರುಮಾಲು ಯಾರದೋ ಏನೋ!

“ಒಳಗೇ ಇದ್ದಾನೆ! ಟೊಪ್ಪಿಗೆ ಅಲ್ಲೇ ಇದೆ, ಅಗುಳಿ ಒಳಗಿನಿಂದ ಹಾಕಿದೆ. ಬಡಿಯಿರಿ!” ಎಂದು ಮರಾಠಿಯಲ್ಲಿ ಕೂಗಿದಳು. ಬಡಿಯುತ್ತಿರುವಾಗ ನನ್ನ ಚರಿತ್ರೆಯನ್ನೂ ಹೇಳಿದಳು. “ದೀಪಾವಳಿಗೆ ತಾಟು ತುಂಬ ಫರಾಳದ ತಿಂಡಿ ಕಳಿಸಿದೆ. ತಾಟನ್ನು ತೊಳೆದು ಖಾಲಿ ಇಟ್ಟುಹೋದ. ಚಿಟಿಕೆ ಸಕ್ಕರೆಯನ್ನಾದರೂ ಹಾಕಬಾರದೇ? ನಿಮ್ಮ ಕಡೆ ಹೀಗೇ ಏನು?”

ನಮ್ಮ ಕಡೆಯೂ ಖಾಲಿ ತಾಟು ಮರಳಿಸುವುದಿಲ್ಲ. ಅಂದು ನನ್ನ ಕೋಣೆಯಲ್ಲಿ ಸಕ್ಕರೆ ಇರಲಿಲ್ಲ. ತಂದು ಹಾಕೋಣವೆಂದುಕೊಂಡೆ. ಮೇಲೆ ಹೋದರೆ ಮಾತಾಡಬೇಕಾಗುತ್ತದಲ್ಲಾ ಎಂದು ನಾಚಿದೆ. ಆ ನಾಚಿಕೆಗೆ ಪುಣೆಯಲ್ಲಿ ಸೊಕ್ಕು ಎಂದು ಹೆಸರಾಗಿತ್ತು.

ನಿಂಗಪ್ಪ ಬಾಗಿಲಿಗೆ ಬಾಯಿಟ್ಟು, “ರಾಯರ, ನಿಮ್ಮೂರವರು ಬಂದಾರ್ರಿ. ವರ್ಗಣಿ ಬ್ಯಾಡ, ಏನೂ ಬ್ಯಾಡ. ಎರಡು ಮಾತಾಡಿದ್ರ ಸಾಕ್ರಿ” ಎಂದ. ಆ ದನಿ ನನಗೆ ಗುರುತು ಸಿಕ್ಕಿತು. ಮೂರು ಸಲವೂ ಬಾಗಿಲಿನಾಚೆಯಿಂದ ಏನೋ ಗೊಣಗಿದಂತೆ ಕೇಳಿತ್ತು. ವರ್ಗಣಿಯವರು ಕನ್ನಡದಲ್ಲಿ ಗೊಣಗುತ್ತಾರೆಯೇ ಎಂದು ನಾನು ಯೋಚಿಸಿಯೇ ಇರಲಿಲ್ಲ.

“ನೀವ ಕರೀರಿ” ಎಂದು ನನ್ನನ್ನು ಮುಂದೆ ನೂಕಿದ.

ಈಗಾದರೂ ಸತ್ಯ ಹೇಳಬೇಕಿತ್ತು. ಮೇಲೆ ಆಜಿ, ಪಕ್ಕದಲ್ಲಿ ನಿಂಗಪ್ಪ, ಅಂಗಳದ ತುಂಬ ಹೆಂಗಸರು. ಇಷ್ಟು ಜನರ ಮುಂದೆ ‘ಒಳಗಿರುವವನು ನಾನೇ, ಹೊರಗಿದ್ದೇನೆ’ ಎಂದು ಹೇಳಲು ಯಾವ ಭಾಷೆ ಸಾಕು? ಬಾಗಿಲು ಬಡಿದೆ.

“ರಾಯರೇ, ಬಾಗಲಾ ತಗೀರಿ. ಧಾರವಾಡದಿಂದ ಬಂದೇನಿ.”

ಮತ್ತೊಮ್ಮೆ ಬಡಿದೆ.

“ಒಂದು ಸಲ ತಗೀರಿ. ನಾನೂ ಒಬ್ಬನ ಅದೇನಿ.”

ಅದು ಹೇಗೋ ಬಾಯಿಂದ ಬಂದುಬಿಟ್ಟಿತು. ದನಿ ಸ್ವಲ್ಪ ನಡುಗಿತು. ಹೆಂಗಸರು ‘ಪಾಪ’ ಎಂದರು. ಬಾಗಿಲು ತೆಗೆಯದ ಆ ಮನುಷ್ಯನ ಮೇಲೆ ನನಗೇ ಕೆಟ್ಟ ಸಿಟ್ಟು ಬಂತು.

ನಿಂಗಪ್ಪ ಬುಟ್ಟಿಯಿಂದ ನಾಲ್ಕು ಅಂಜೂರ ತೆಗೆದು ಹೊಸ್ತಿಲ ಮೇಲಿಟ್ಟ. “ಹಸದಿದ್ರ ತಿಂತಾನ. ಇನ್ನ ನಾ ಈ ಬಾಗಲಕ್ಕ ಬರೂದಿಲ್ರಿ. ನಾಕ ಸಲ ಆತು” ಎಂದು ಕೊಡೆ ಎತ್ತಿಕೊಂಡ.

ಸಂಜೆ ಧಾರವಾಡದ ಗಾಡಿ. ನನ್ನನ್ನು ಕಳಿಸದೆ ಅವನು ಹೋಗುವವನಲ್ಲ. ಅವನ ಕಣ್ಣೆದುರಿಗೇ ಧಾರವಾಡದ ಟಿಕೀಟು ಕೊಂಡೆ. ಅವನ ಕೂಲಿ ಕೊಡಲು ಹೋದರೆ ಕೈ ಹಿಂದಕ್ಕೆ ಸರಿಸಿದ. “ಬ್ಯಾಡ್ರಿ. ದಿನಾಪೂರ್ತಿ ಕನ್ನಡದಾಗ ಮಾತಾಡಿದ್ರಿ, ಮುಟ್ಟಿತು.” ಕಣ್ಣೊರೆಸಿಕೊಂಡ. ನಾನು ಭೂಮಿಗಿಳಿದುಹೋದೆ. ಗಾಡಿ ಬಿಡುವಾಗ ಡಬ್ಬಿಯಲ್ಲಿದ್ದವರಿಗೆಲ್ಲ, “ಇವರು ಸಾಧು ಮನಷ್ಯಾರು, ಧಾರವಾಡದಾಗ ನೆನಪ ಮಾಡಿ ಇಳಸ್ರಿ” ಎಂದು ಒಪ್ಪಿಸಿದ.

ಆ ಒಪ್ಪಿಸಿದ್ದೇ ಕುತ್ತಾಯಿತು! ಸಾಸವಡ ರೋಡ್ ಸ್ಟೇಶನ್ನಿನಲ್ಲಿ ನಾನು ಇಳಿಯಹೋದರೆ ಇಬ್ಬರು ನನ್ನ ಧೋತರ ಹಿಡಿದರು, ಒಬ್ಬ ಟ್ರಂಕು ಹಿಡಿದ. “ಇದು ಧಾರವಾಡ ಅಲ್ರೀ! ಕೂಡ್ರಿ!” ಎಂದು ಕೂಗಾಟ. ಹೇಗೋ ಕೊಸರಿಕೊಂಡು, ಹಂಡೆ ಢಣಢಣ ಎನ್ನುತ್ತ ಪ್ಲಾಟಫಾರ್ಮಿಗೆ ಬಿದ್ದೆ. ಸ್ಟೇಶನ್ ಮಾಸ್ತರರು ಟಿಕೀಟು ನೋಡಿದರು.

“ಧಾರವಾಡದ ಟಿಕೀಟು, ಇಲ್ಲಿ ಯಾಕೆ ಇಳಿದಿರಿ?”

“ಸಾಸವಡದ ಅಂಜೂರ ಕೊಳ್ಳಲು” ಎಂದೆ, ಅಂಜೂರದ ಬುಟ್ಟಿಯನ್ನು ಎದೆಗವಚಿಕೊಂಡು.

ಮಾಸ್ತರರು ಮುಂದೆ ಏನೂ ಕೇಳಲಿಲ್ಲ. ಇಂಥವರನ್ನು ಕೆಣಕಬಾರದೆಂದು ಅವರಿಗೆ ಅನುಭವವಿದ್ದಿರಬೇಕು.

ಬೆಳಿಗ್ಗೆ ಕಾಯಿಪಲ್ಲೆಯ ಗಾಡಿಯೊಂದರಲ್ಲಿ ಪುಣೆ ಸೇರಿ, ಸಂದಿಯಿಂದ ಕೋಣೆಗೆ ಬಂದೆ. ಮುಂಬಾಗಿಲಿನ ತುಕ್ಕು ಹಿಡಿದ ಅಗುಳಿಯನ್ನು ಹಂಡೆಯಿಂದ ಬಡಿದು ತೆಗೆದೆ. ತುಕ್ಕು ಹಿಡಿದ ಅಗುಳಿಯನ್ನು ಹಂಡೆಯಿಂದ ಬಡಿದು ತೆಗೆದೆ. ನನ್ನ ತಾಟಿನಲ್ಲಿ ಬುಟ್ಟಿಯ ಅಂಜೂರವನ್ನೆಲ್ಲ ಸುರಿದುಕೊಂಡು, ಟೊಪ್ಪಿಗೆ ಹಾಕಿಕೊಂಡು, ಮೊದಲ ಸಲ ಮೇಲೆ ಹೋದೆ.

ಆಜಿ ತಾಟು ತೆಗೆದುಕೊಂಡಳು. ಆಮೇಲೆ ನನ್ನನ್ನೂ ತೆಗೆದುಕೊಂಡಳು. “ಕಲ್ಲೇನೋ ನೀನು? ನಿಮ್ಮೂರಿಂದ ಎಂಥ ಒಳ್ಳೆಯ ಮನುಷ್ಯ ಬಂದಿದ್ದ! ದನಿ ಕೇಳಿದರೆ ನನಗೇ ಕಣ್ಣಲ್ಲಿ ನೀರು ಬಂತು. ನೀನೂ ಇದ್ದೀ!”

“ತಪ್ಪಾಯಿತು” ಎಂದೆ. ಆ ಒಳ್ಳೆಯ ಮನುಷ್ಯನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಆಜಿ ಖಾಲಿ ತಾಟಿನಲ್ಲಿ ಒಂದು ಬೆಲ್ಲದ ಹೆಂಟೆ ಇಟ್ಟು ನನಗೆ ಮರಳಿಸಿದಳು. ಮುಖವನ್ನು ಮಾತ್ರ ನೋಡಲಿಲ್ಲ.

ಮುಂದಿನ ಎರಡು ರವಿವಾರ ಸ್ಟೇಶನ್ನಿಗೆ ಹೋಗಲು ಮುಖವಿಲ್ಲ. ಧಾರವಾಡಕ್ಕೆ ಹೋದವನು ನಿಂಗಪ್ಪನಿಗೆ ಕಂಬದ ಹಿಂದೆ ಸಿಕ್ಕರೆ? ಮುಂಬಾಗಿಲು ತೆರೆದು ಹೊಸ್ತಿಲ ಮೇಲೆ ಕುಳಿತೆ. ‘ಇನ್ನ ಬರೂದಿಲ್ಲ’ ಎಂದು ಹೋದ ನಿಂಗಪ್ಪ ಬರಲಿಲ್ಲ. ಕೇಳುತ್ತಿದ್ದ ಕನ್ನಡವೂ ಹೋಯಿತು, ಬಾಗಿಲಿಗೆ ಬರುತ್ತಿದ್ದ ಕನ್ನಡವೂ ಹೋಯಿತು. ಹಂಡೆಯೊಡನೆ ನಾಲ್ಕು ಮಾತಾಡಿ ನೋಡಿದೆ. ಅದು ನನ್ನ ಮಾತನ್ನೇ ನನಗೆ ಮರಳಿ ಹೇಳುತ್ತಿತ್ತು.

ಯುಗಾದಿ ಹತ್ತಿರ ಬಂತು. ಮೂರನೆಯ ರವಿವಾರ ಗಟ್ಟಿ ಮನಸ್ಸು ಮಾಡಿದೆ. ನಿಂಗಪ್ಪನಿಗೆ ಸತ್ಯವೆಲ್ಲ ಹೇಳಿ, ಕಾಲು ಹಿಡಿದು, ಅವನ ಹೆಸರನ್ನೇ ಅಕ್ಕನಿಗೆ ಬರೆಯುವುದು. ರುಮಾಲು ಸುತ್ತಿಕೊಂಡು, ಟ್ರಂಕು ಎತ್ತಿಕೊಂಡು ಹೊರಟೆ. ಸತ್ಯ ಹೇಳಲು ಹೋಗುವವನಿಗೆ ಟ್ರಂಕೇಕೆ ಎಂದು ನೀವು ಕೇಳಬಹುದು. ಬೀಗ ರಿಪೇರಿ ಆಗಿರಲಿಲ್ಲವಲ್ಲ!

ನಿಂಗಪ್ಪ ದೂರದಿಂದಲೇ ಕೊಡೆ ಎತ್ತಿ ಓಡಿಬಂದ. ಹಲ್ಲಿಲ್ಲದ ಬಾಯಿ ತುಂಬ ನಗೆ.

“ಮತ್ತ ಬಂದ್ರ್ಯಾ ರಾಯರ! ಧಾರವಾಡದಿಂದ ಈಗ ಇಳದ್ರ್ಯಾ?”

ದಾರಿಯುದ್ದಕ್ಕೂ ತಾಲೀಮು ಮಾಡಿದ ಮಾತು ನಾಲಗೆಯ ತುದಿಯಲ್ಲಿತ್ತು. ಅವನ ನಗೆ ನೋಡಿದೆ.

“ಹೂಂ” ಎಂದೆ.

ಅಂದು ಸಂಜೆಯೂ ನಿಂಗಪ್ಪ ನನ್ನನ್ನು ಧಾರವಾಡದ ಗಾಡಿ ಹತ್ತಿಸಿದ. ರಾತ್ರಿ ಅಕ್ಕನಿಗೆ ಕಾಗದ ಬರೆದೆ. ನಿಂಗಪ್ಪನಿಗೆ ಗೊತ್ತಿರುವವನು ನಾನಲ್ಲ, ಯಾರೋ ಪ್ರವಾಸಿ. ಆಜಿಗೆ ಗೊತ್ತಿರುವುದು ಟೊಪ್ಪಿಗೆ. ಸುಳ್ಳು ಬರೆಯಲು ಮನಸ್ಸು ಬರಲಿಲ್ಲ.

“ಅಕ್ಕಾ, ಮಾವನ್ನ ಕಳಸಬ್ಯಾಡ. ದೂರದಿಂದಲೇ ನನ್ನ ಮಾರಿ ಗುರ್ತ ಹಿಡದು, ‘ಬರ್ರಿ, ಇವತ್ತೂ ಅಂಜೂರೇನು?’ ಅಂತ ನಕ್ಕೋತ ಮಾತಾಡ್ಸಾವ್ರು ಒಬ್ಬರು ಸಿಕ್ಕಾರ. ಸಾಸವಡ ರೋಡಿನ ಸ್ಟೇಶನ್ ಮಾಸ್ತರು. ಅವರ ಬೆಂಚಿನ ಮ್ಯಾಲೆ ಕೂತ ಈ ಕಾಗದಾ ಬರಿಯಾಕತ್ತೇನಿ.”