ಆಸ್ಪತ್ರೆಯ ಸಾಲಿನಲ್ಲಿ ಆಟದ ಸಿದ್ಧಾಂತ

ಜನ ಸಾಲು ನಿಲ್ಲುವ ಕಡೆ ಏನಾದರೂ ಒಂದು ನಡೆಯದೆ ದಿನ ಮುಗಿಯುವುದಿಲ್ಲ. ಅದರಲ್ಲೂ ಆಸ್ಪತ್ರೆಯ ಸಾಲು ಅಂದರೆ ಕೇಳುವುದೇ ಬೇಡ. ಹತ್ತೊಂಬತ್ತು ವರ್ಷ ನಾನು ಒಂದು ಟ್ರಸ್ಟಿನ ಸಣ್ಣ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೌಂಟರಿನಲ್ಲಿ ಕೂತವಳು. ಬಂಟ್ವಾಳ, ಬೆಳ್ತಂಗಡಿ ಎರಡೂ ಕಡೆ ಆ ಟ್ರಸ್ಟಿಗೆ ಒಂದೊಂದು ಕಟ್ಟಡ. ನಾನಿದ್ದದ್ದು ಬಂಟ್ವಾಳದಲ್ಲಿ. ಹೊಟ್ಟೆ ಹಿಡಿದು ನಕ್ಕದ್ದೂ ಅಲ್ಲೇ, ಈಗ ನೆನೆಸಿಕೊಂಡರೆ ಬೇಸರವಾಗುವ ಕೆಲಸಗಳನ್ನು ಮಾಡಿದ್ದೂ ಅಲ್ಲೇ.

೧. ಹದಿನೈದನೆಯ ನಂಬ್ರ

ಒಂದು ದಿನ ಮೂಡುಬಿದಿರೆಯ ಕಾಲೇಜೊಂದರಿಂದ ಅರ್ಥಶಾಸ್ತ್ರದ ಲೆಕ್ಚರರೊಬ್ಬರು ಬಂದರು. ತೆಳ್ಳಗಿನ ಮನುಷ್ಯ, ಹೆಗಲಿಗೆ ಚೀಲ.

"ಮೇಡಂ, ನಾನು ಆಟದ ಸಿದ್ಧಾಂತದ ಮೇಲೆ ಕೆಲಸ ಮಾಡ್ತಾ ಇದ್ದೇನೆ. ಇಲ್ಲಿ ಸ್ವಲ್ಪ ದಿನ ಕೂತು ನೋಡಬೇಕು. ದೊಡ್ಡ ಡಾಕ್ಟ್ರು ಒಪ್ಪಿದ್ದಾರೆ" ಅಂದರು.

"ಆಟಕ್ಕೆ ಹಿಂದೆ ಜಾಗ ಉಂಟು ಸರ್. ಆದರೆ ಅಲ್ಲಿ ಬೆಡ್‌ಶೀಟ್ ಒಣಗಲಿಕ್ಕೆ ಹಾಕಿದ್ದಾರೆ" ಅಂದೆ.

ಅವರು ಸಿಟ್ಟಾಗಲಿಲ್ಲ. ಸ್ಟೂಲು ಎಳೆದು ಕೂತು ವಿವರಿಸಿದರು. ಎದುರಿನವ ಏನು ಮಾಡಿಯಾನು ಅಂತ ಲೆಕ್ಕ ಹಾಕಿ ನಾವು ನಮ್ಮ ಹೆಜ್ಜೆ ಇಡ್ತೇವಲ್ಲ, ಅದರ ಶಾಸ್ತ್ರವಂತೆ. "ಡಾಕ್ಟ್ರು ಬರುವುದು ಒಂಬತ್ತಕ್ಕೆ. ಎಲ್ಲರೂ ಒಂಬತ್ತಕ್ಕೇ ಬಂದರೆ ಯಾರಿಗೂ ನಷ್ಟ ಇಲ್ಲ. ಆದರೆ ಪಕ್ಕದ ಮನೆಯವ ಎಂಟಕ್ಕೆ ಹೋದಾನು ಅಂತ ಇವ ಏಳಕ್ಕೆ ಹೊರಡ್ತಾನೆ. ಅದು ಗೊತ್ತಾಗಿ ಅವ ಆರಕ್ಕೆ. ಕೊನೆಗೆ ಎಲ್ಲರ ನಿದ್ರೆಯೂ ಹಾಳಾಯಿತು, ನಂಬ್ರ ಮಾತ್ರ ಮೊದಲಿನದ್ದೇ."

"ನಮ್ಮಲ್ಲಿ ಆರಕ್ಕೆ ಜನ ಬರುವುದಿಲ್ಲ ಸರ್, ಚಪ್ಪಲಿ ಬರ್ತದೆ" ಅಂತ ಹೇಳಿ ಜಗಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಹದಿನಾಲ್ಕು ಜೊತೆ ಚಪ್ಪಲಿ ಶಿಸ್ತಿನಲ್ಲಿ ನಿಂತಿದ್ದವು. ಅವುಗಳ ಯಜಮಾನರು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಲೆಕ್ಚರರು ಸಂತೋಷದಿಂದ ಬರೆದುಕೊಂಡರು.

ಅವತ್ತು ಹತ್ತೂವರೆಗೆ ಹದಿನೈದನೆಯ ನಂಬ್ರ ಕರೆದರೆ ಯಾರೂ ಏಳಲಿಲ್ಲ. ಮತ್ತೆ ನೋಡಿದರೆ, ಒಳಗೆ ಬರುವಾಗ ಮರ್ಯಾದೆಗೆಂದು ಲೆಕ್ಚರರು ಬಾಗಿಲಲ್ಲಿ ಬಿಟ್ಟ ಚಪ್ಪಲಿಗೆ ಬಿದ್ದ ನಂಬ್ರ ಅದು. ಹದಿನಾರನೆಯವರು ಬಿಡಲಿಲ್ಲ. "ನೀವು ಹೋಗಿ ಬನ್ನಿ ಸರ್, ನಾವು ಸಾಲು ತಪ್ಪಿಸುವವರಲ್ಲ" ಅಂತ ಅವರನ್ನು ಡಾಕ್ಟರ ಹತ್ತಿರ ಕಳಿಸಿಯೇ ಬಿಟ್ಟರು.

೨. ಎತ್ತಿದ ಚೀಟಿ

ಲೆಕ್ಚರರೇ ಒಂದು ಉಪಾಯ ಹೇಳಿದರು. ಒಂಬತ್ತರ ಒಳಗೆ ಬಂದವರೆಲ್ಲ ಸಮ. ಎಲ್ಲರ ಹೆಸರು ಬರೆದು ಡಬ್ಬಿಗೆ ಹಾಕಿ ಎತ್ತುವುದು. ಬೇಗ ಬಂದು ಲಾಭ ಇಲ್ಲ ಅಂತಾದರೆ ಯಾರೂ ನಿದ್ರೆ ಕೆಡಿಸಿಕೊಳ್ಳುವುದಿಲ್ಲ. ದೊಡ್ಡ ಡಾಕ್ಟ್ರು ಒಂದು ವಾರ ನೋಡುವ ಅಂದರು.

ಎರಡು ದಿನ ಚೆನ್ನಾಗಿ ನಡೆಯಿತು. ಮೂರನೆಯ ದಿನ ಕಲ್ಲಡ್ಕದ ಹೋಟೆಲಿನವರೊಬ್ಬರು ಮೊಣಕಾಲು ಬಾತುಕೊಂಡು ಬಂದರು. ಜೊತೆಗೆ ಹೆಂಡತಿ, ಅತ್ತೆ, ತಮ್ಮ. ನಾಲ್ವರೂ ಹೆಸರು ಕೊಟ್ಟರು. ಡಬ್ಬಿಯಲ್ಲಿ ನಾಲ್ಕು ಹೆಸರಿದ್ದರೆ ಒಂದಾದರೂ ಮೊದಲು ಬಂದೀತು ಅಂತ ಅವರ ಲೆಕ್ಕ. ಲೆಕ್ಕ ಸರಿಯೇ. ಗಟ್ಟಿಮುಟ್ಟಾಗಿದ್ದ ತಮ್ಮನಿಗೆ ಒಂದನೆಯ ನಂಬ್ರ ಬಂತು, ಕಾಲುನೋವಿನ ಅಣ್ಣನಿಗೆ ಅರವತ್ತೊಂದು.

"ಅಕ್ಕ, ನನ್ನ ಚೀಟಿ ಅಣ್ಣನಿಗೆ ಕೊಡ್ತೇನೆ" ಅಂದ ತಮ್ಮ.

"ಆಗುವುದಿಲ್ಲ. ಯಾರ ಹೆಸರು ಉಂಟೋ ಅವರೇ ಹೋಗಬೇಕು" ಅಂದೆ. ಒಬ್ಬರಿಗೆ ಬಿಟ್ಟರೆ ನಾಳೆ ಊರವರೆಲ್ಲ ನೆಂಟರನ್ನು ಕಟ್ಟಿಕೊಂಡು ಬರುತ್ತಾರೆ ಅಂತ ನನ್ನ ಹಟ. ತಮ್ಮ ಒಳಗೆ ಹೋದ. ಡಾಕ್ಟ್ರು ಬಂದವನನ್ನು ಸುಮ್ಮನೆ ಬಿಡುವುದು ಯಾಕೆ ಅಂತ ಬಿಪಿ ನೋಡಿದರು, ಸಕ್ಕರೆ ನೋಡಿದರು. ಎರಡೂ ಜಾಸ್ತಿ. ಮಾತ್ರೆ ಬರೆದರು, ಸಿಹಿ ಮುಟ್ಟಬೇಡ ಅಂದರು.

ಅಣ್ಣ ಮಧ್ಯಾಹ್ನ ಒಂದು ಗಂಟೆಯವರೆಗೆ ಮೊಣಕಾಲು ಉಜ್ಜುತ್ತಾ ಕೂತರು. ಅವರ ನಂಬ್ರ ಬರುವ ಮೊದಲೇ ಡಾಕ್ಟರ ಹೊತ್ತು ಮುಗಿಯಿತು. ಆ ಚೀಟಿ ಬದಲಿಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಅಂತ ಈಗಲೂ ಅನಿಸುತ್ತದೆ. ಅವರು ನನ್ನನ್ನು ಬೈಯಲಿಲ್ಲ. ತಮ್ಮನ ಹೆಗಲು ಹಿಡಿದು ಮೆಟ್ಟಿಲು ಇಳಿಯುವಾಗ ತಿರುಗಿ ಹೇಳಿದರು, "ಒಳ್ಳೇ ಆಸ್ಪತ್ರೆ ಅಕ್ಕ. ನೋವು ನನಗೆ, ಪಥ್ಯ ಇವನಿಗೆ."

೩. ಎದುರುಬದುರು ಬಸ್ಸು

ಬುಧವಾರ ಕಣ್ಣಿನ ಡಾಕ್ಟ್ರು ಇಬ್ಬರು ಬರುತ್ತಿದ್ದರು, ಒಬ್ಬರು ನಮ್ಮಲ್ಲಿಗೆ, ಇನ್ನೊಬ್ಬರು ಬೆಳ್ತಂಗಡಿಗೆ. ನಮ್ಮಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪಾಪ, ಕಣ್ಣು ಕಾಣದವರು ಎಷ್ಟು ಹೊತ್ತು ನಿಲ್ಲುವುದು ಅಂತ ನಾನು ಬಂದವರಿಗೆಲ್ಲ ಗುಟ್ಟಿನಲ್ಲಿ ಹೇಳಿದೆ, "ಬರುವ ವಾರ ಬೆಳ್ತಂಗಡಿಗೆ ಹೋಗಿ, ಅಲ್ಲಿ ರಶ್ ಇರುವುದಿಲ್ಲ."

ಬೆಳ್ತಂಗಡಿಯ ಕೌಂಟರಿನವಳೂ ನನ್ನ ಹಾಗೆಯೇ ಒಳ್ಳೆಯವಳು. ಅವಳೂ ಅಲ್ಲಿಯವರಿಗೆ ಬಂಟ್ವಾಳಕ್ಕೆ ಹೋಗಿ ಅಂದಿದ್ದಳು.

ಮುಂದಿನ ಬುಧವಾರ ಹತ್ತು ಗಂಟೆಯವರೆಗೆ ನಮ್ಮ ಬೆಂಚು ಖಾಲಿ. ಆಮೇಲೆ ಒಂದೇ ಬಸ್ಸಿನಿಂದ ಮೂವತ್ತು ಜನ ಇಳಿದರು. ಬೆಳ್ತಂಗಡಿಯ ಆಚೆ ಚಾರ್ಮಾಡಿಯಿಂದ ಎರಡು ಬಸ್ಸು ಬದಲಿಸಿ ಬಂದ ಹಿರಿಯರೊಬ್ಬರು ಆ ಗುಂಪಿನ ಮುಂದೆ. "ಪುಂಜಾಲಕಟ್ಟೆಯಲ್ಲಿ ಎದುರಿನಿಂದ ಒಂದು ಬಸ್ಸು ಬಂತು. ಅದರಲ್ಲಿ ಇದ್ದವರಿಗೂ ಒಂದೊಂದು ಕಣ್ಣಿಗೆ ಹಸಿರು ಬಟ್ಟೆ. ನಮ್ಮವರೇ ಅಂತ ಕೈ ಬೀಸಿದೆವು. ಅವರೂ ಬೀಸಿದರು" ಅಂದರು. ಅಂಥ ವಯಸ್ಸಿನವರನ್ನೇ ನಾನೂ ಇಲ್ಲಿಂದ ಅಷ್ಟು ದೂರ ಓಡಾಡಿಸಿದೆನಲ್ಲ ಅಂತ ನನಗೆ ಊಟ ಸೇರಲಿಲ್ಲ.

ಲೆಕ್ಚರರು ತಲೆ ಆಡಿಸಿದರು. "ನೀವಿಬ್ಬರು ಒಂದು ಫೋನ್ ಮಾಡಿ ಮಾತಾಡಿದ್ದರೆ ಸಾಕಿತ್ತು ಮೇಡಂ."

"ಮಾತಾಡಿದ್ದೇವೆ ಸರ್, ಸೋಮವಾರ ಮುಕ್ಕಾಲು ಗಂಟೆ" ಅಂದೆ. "ಅವಳ ಮಗಳ ಮದುವೆಯ ಸೀರೆಯ ವಿಷಯ."

೪. ಎದೆನೋವು

ಎದೆನೋವು ಅಂದವರನ್ನು ಸಾಲು ಬಿಟ್ಟು ಮೊದಲು ಒಳಗೆ ಕಳಿಸುವುದು ನಮ್ಮ ಕ್ರಮ. ಅದು ಊರಿಗೆಲ್ಲ ಗೊತ್ತಾದ ಮೇಲೆ ಬಂಟ್ವಾಳದಲ್ಲಿ ಎದೆನೋವು ವಿಪರೀತ ಹೆಚ್ಚಿತು. ಒಬ್ಬ ಎದೆ ಹಿಡಿದುಕೊಂಡು ಒಳಗೆ ಹೋದವ ಡಾಕ್ಟರ ಎದುರು ಕಾಲು ಎತ್ತಿ ತೋರಿಸಿದನಂತೆ. ಮುಳ್ಳು. "ನೋವು ಅಲ್ಲಿಂದ ಹೊರಟು ಎದೆಗೆ ಬರ್ತದೆ ಡಾಕ್ಟ್ರೆ" ಅಂದನಂತೆ.

ಲೆಕ್ಚರರು ಹೇಳಿದರು, "ಬಾಯಲ್ಲಿ ಹೇಳುವುದಕ್ಕೆ ಏನೂ ಕಷ್ಟ ಇಲ್ಲದಿದ್ದರೆ ಎಲ್ಲರೂ ಅದನ್ನೇ ಹೇಳ್ತಾರೆ. ಆಗ ನಿಜ ಹೇಳುವವರ ಮಾತಿಗೂ ಬೆಲೆ ಇಲ್ಲ."

ನನಗೆ ಕೂಡಲೇ ಬುದ್ಧಿ ಓಡಿತು. ಅವರನ್ನು ಕೇಳಲಿಲ್ಲ, ಡಾಕ್ಟರನ್ನೂ ಕೇಳಲಿಲ್ಲ. ಮರುದಿನದಿಂದ ಎದೆನೋವು ಅಂದವರಿಗೆಲ್ಲ, "ಹಾಗಾದರೆ ಮೊದಲು ದೊಡ್ಡ ಸೂಜಿ ಚುಚ್ಚಬೇಕಾಗ್ತದೆ, ಆಗಬಹುದಾ?" ಅಂತ ಕೇಳತೊಡಗಿದೆ. ಸುಳ್ಳು ಸೂಜಿ. ಎರಡೇ ದಿನದಲ್ಲಿ ಎದೆನೋವು ಪೂರ್ತಿ ನಿಂತಿತು. ನಾನು ಬಹಳ ಹೆಮ್ಮೆಪಟ್ಟೆ.

ಆ ವಾರವೇ ಪಾಣೆಮಂಗಳೂರಿನಿಂದ ಒಬ್ಬರು ಅಜ್ಜಿ ಬಂದರು, ಎಲ್ಲರೂ ಉಮ್ಮ, ಅಂದರೆ ಅಮ್ಮ, ಅಂತ ಕರೆಯುವವರು. ಎಪ್ಪತ್ತರ ಹತ್ತಿರದ ಪ್ರಾಯ. ತಿಂಗಳಿಗೊಮ್ಮೆ ಬಿಪಿ ನೋಡಿಸಲು ಬರುವವರು, ನನಗೆ ಪರಿಚಯವೇ. "ಎದೆ ಸ್ವಲ್ಪ ಹಿಡಿದ ಹಾಗೆ ಮಗಳೇ" ಅಂದರು. ನಾನು ಮುಖ ಎತ್ತದೆ ಸೂಜಿಯ ಮಾತು ಹೇಳಿದೆ.

"ಸೂಜಿಯಾ? ಬೇಡ ಬೇಡ. ಇದು ಗ್ಯಾಸ್ ಇರಬೇಕು" ಅಂತ ಹೇಳಿ ಸಾಲಿನ ಕೊನೆಯಲ್ಲಿ ಹೋಗಿ ಕೂತರು.

ಎರಡು ಗಂಟೆ ಕೂತಿದ್ದರು. ಒಳಗೆ ಹೋದ ಐದು ನಿಮಿಷಕ್ಕೆ ಇಸಿಜಿ ತೆಗೆದರು, ಆಂಬುಲೆನ್ಸ್ ಕರೆದರು, ಮಂಗಳೂರಿಗೆ ಕಳಿಸಿದರು. ಡಾಕ್ಟ್ರು ಹೊರಗೆ ಬಂದು, "ಇವರನ್ನು ಯಾಕೆ ಮೊದಲೇ ಕಳಿಸಲಿಲ್ಲ?" ಅಂತ ಕೇಳಿದರು. ನಾನು ನಡೆದದ್ದು ಹೇಳಿದೆ. ಅವರು ತಿರುಗಿ ಒಳಗೆ ಹೋದರು. ಬೈದಿದ್ದರೆ ಒಳ್ಳೆಯದಿತ್ತು. ಲೆಕ್ಚರರು ಬರೆಯುತ್ತಿದ್ದ ಪುಸ್ತಕ ಮುಚ್ಚಿ ನನ್ನ ಪಕ್ಕ ಬಂದು ಕೂತರು. ಆ ವಾರವೆಲ್ಲ ಫೋನ್ ಬಂದಾಗಲೆಲ್ಲ ಮಂಗಳೂರಿನದ್ದಾ ಅಂತ ಮೊದಲು ಕೇಳುತ್ತಿದ್ದೆ.

ಉಮ್ಮ ಬದುಕಿದರು. ಒಂದೂವರೆ ತಿಂಗಳ ಮೇಲೆ ಸೊಸೆಯ ಜೊತೆ ಬಂದರು, ಸ್ವಲ್ಪ ಸಪೂರ ಆಗಿದ್ದರು. ನಾನು ಕೌಂಟರ್ ಬಿಟ್ಟು ಹೊರಗೆ ಹೋಗಿ ಕೈ ಹಿಡಿದುಕೊಂಡೆ. "ನನ್ನಿಂದ ತಪ್ಪಾಯ್ತು ಉಮ್ಮ. ಸೂಜಿ ಅಂತ ನಾನು ಹೇಳಿದ್ದು ಸುಳ್ಳು."

"ಗೊತ್ತಾಯ್ತು ಮಗಳೇ. ಮಂಗಳೂರಿನಲ್ಲಿ ನಿಜವಾದ್ದು ಚುಚ್ಚಿದರು" ಅಂದರು.

ಇವತ್ತು ನೀವೇ ಮೊದಲು ಹೋಗಿ ಅಂದೆ. ಅವರು ಒಪ್ಪಲಿಲ್ಲ. "ಎದುರು ಇಪ್ಪತ್ತು ಜನ ಉಂಟಲ್ಲ. ಅವರನ್ನು ಕೇಳದೆ ಹೇಗೆ ಹೋಗುವುದು?" ಸರಿ, ಕೇಳಿಯೇ ಹೋಗಿ ಅಂದೆ.

ಉಮ್ಮ ಮೊದಲನೆಯವರ ಹತ್ತಿರ ಹೋಗಿ, "ನಾನು ಮೊದಲು ಹೋಗಬಹುದಾ? ನಿಮಗೆ ಏನು ಕಷ್ಟ?" ಅಂತ ಕೇಳಿದರು. ಆತ ಹೋಗಿ ಉಮ್ಮ ಅಂದು, ತನ್ನ ಸೊಂಟನೋವಿನ ಕಥೆ ಮೊದಲಿನಿಂದ ಹೇಳಿದ. ಉಮ್ಮ ಪಕ್ಕದಲ್ಲಿ ಕೂತು ಪೂರ್ತಿ ಕೇಳಿದರು, ಬಿಸಿ ನೀರಿನ ಶಾಖ ಕೊಡಲು ಹೇಳಿದರು. ಅಷ್ಟರಲ್ಲಿ ಅವನ ಸರದಿ ಬಂತು, ಅವ ಎದ್ದು ಹೋದ. ಉಮ್ಮ ಎರಡನೆಯವರ ಹತ್ತಿರ ಸರಿದರು. ಅಲ್ಲಿ ಕೆಮ್ಮು. ಮೂರನೆಯದ್ದು ನಿದ್ರೆ ಇಲ್ಲ. ಯಾರೂ ಇಲ್ಲ ಅನ್ನಲಿಲ್ಲ, ಯಾರೂ ಕಥೆ ಅರ್ಧಕ್ಕೆ ನಿಲ್ಲಿಸಲಿಲ್ಲ. ಹೀಗೆ ಇಪ್ಪತ್ತೂ ಜನರ ಒಪ್ಪಿಗೆ ಸಿಗುವಾಗ ಇಪ್ಪತ್ತೂ ಜನ ಒಳಗೆ ಹೋಗಿ ಬಂದಾಗಿತ್ತು.

ಕೊನೆಯವರಾಗಿ ಉಮ್ಮ ಒಳಗೆ ಹೋದರು. ನಾನು ಬಾಗಿಲು ಹಿಡಿದು ನಿಂತಿದ್ದೆ. ಡಾಕ್ಟ್ರು ಗಾಬರಿಯಲ್ಲಿ, "ಇಷ್ಟು ಹೊತ್ತು ಹೊರಗೆ ಏನು ಮಾಡ್ತಾ ಇದ್ದಿರಿ ಉಮ್ಮ?" ಅಂತ ಕೇಳಿದರು.

ಉಮ್ಮ ಕುರ್ಚಿಯಲ್ಲಿ ನಿಧಾನಕ್ಕೆ ಕೂತರು. "ಹೊರಗೆ ಇಪ್ಪತ್ತು ಜನರನ್ನು ನೋಡುವಾಗ ತಡ ಆಯ್ತು ಡಾಕ್ಟ್ರೆ. ಇನ್ನು ನನ್ನೊಬ್ಬಳನ್ನು ನೀವು ನೋಡಿ."